ಹೊಸ ಕೋಳಿ ಬಂದ್ರೆ ಜಗಳ ಯಾಕೆ?


ಹಿತ್ತಲಿನ ನಾಟಿ ಕೋಳಿಗಳ ನಡುವೆ
ಒಂದೇ ಒಂದು ಗಿರಿರಾಜ ತಳಿಯ ಕೋಳಿ ತಂದು ಬಿಟ್ರಾ?
ಸಂಜೆಯೊಳಗೆ ಅದರ ತಲೆ ರಕ್ತ ಆಯ್ತಾ?

ಕೋಳಿಗಳಲ್ಲೂ ಮೇಲು-ಕೆಳಗು ಇದೆ.
ಯಾರು ಮೊದಲು ತಿನ್ಬೇಕು, ಯಾರು ಎತ್ತರಕ್ಕೆ ಕೂರ್ಬೇಕು,
ಎಲ್ಲಾ ಕುಕ್ಕಿಯೇ ತೀರ್ಮಾನ.
ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ
1920ರ ದಶಕದಲ್ಲೇ ಇದನ್ನ ಬರೆದಿಟ್ಟಿದ್ರು.

ಸೊರಬದ ಬಸ್ಸಲ್ಲಿ ಟವೆಲ್ ಹಾಕಿದ ಸೀಟಿಗೆ
ಹೊಸಬ ಬಂದು ಕೂತ್ರೆ ಸುಮ್ನೆ ಬಿಡ್ತಾರಾ?
ಹಾಗೇ ಇದು.

ಸಣ್ಣ ಕುಕ್ಕಾಟಕ್ಕೆ ನೀವು ಅಡ್ಡ ಹೋಗ್ಬೇಡಿ.
ರಕ್ತ ಕಂಡ್ರೆ ಮಾತ್ರ ತಡ ಮಾಡ್ಬೇಡಿ.
ಕೆಂಪು ಕಂಡಲ್ಲಿಗೇ ಎಲ್ಲವೂ ಮುಗಿಬೀಳ್ತವೆ.
ಗಾಯದ್ದನ್ನ ಬೇರೆ ಇಡಿ.
ಜೋರಿನದ್ದನ್ನೂ ಎರಡು ದಿನ ದೂರ ಇಡಿ.
ವಾಪಸ್ ಬಂದಾಗ ಅದೇ ಹೊಸಬ!

ಮುಂದಿನ ಸಲ ಒಂಟಿ ಕೋಳಿ ತರ್ಬೇಡಿ.
ಜೋಡಿಯಾಗಿ ತನ್ನಿ, ಒಂದು ವಾರ ಜಾಲರಿ ಆಚೆ ಇಡಿ.
ಕಾಳು ಎರಡು ಕಡೆ ಹಾಕಿ.