ಏಡಿ ಬಿಲ ಮುಚ್ಚಿ, ಎರೆಹುಳು ಬಿಲ ಉಳಿಸಿ

"ಸಂಜೆ ನೀರು ಕಟ್ಟಿದ್ರೆ ಬೆಳಿಗ್ಗೆ ಗದ್ದೆ ಖಾಲಿ, ನೀರು ಎಲ್ಲಿ ಹೋಯ್ತು ಅಣ್ಣಾ?" ಕಂಪ್ಲಿ ಕಡೆಯ ಭತ್ತದ ರೈತರು ನನ್ನನ್ನು ಕೇಳೋ ಪ್ರಶ್ನೆ ಇದು. ನಾನು ಮೊದಲು ನೋಡೋದು ಬದುವನ್ನು. ಎಷ್ಟೋ ಸಲ ಅಲ್ಲಿ ಏಡಿ ಬಿಲ ಸಿಗುತ್ತೆ.

ಬಿಲದಿಂದ ಮಣ್ಣಿಗೆ ಏನಾಗುತ್ತೆ?

ಎರೆ ಮಣ್ಣಿನ ಕಣ ಬಹಳ ಸಣ್ಣದು, ಹಸಿಯಾದಾಗ ನೀರು ಇಳಿಯೋದು ನಿಧಾನ. ಆದರೆ ಬದುವಿನಲ್ಲಿ ಆರಪಾರ ಒಂದು ಬಿಲ ಬಿದ್ದರೆ ಅದು ಪೈಪ್ ಇಟ್ಟ ಹಾಗೆ. ಹರಿಯೋ ನೀರು ಒಳಗಿನ ಮಣ್ಣನ್ನೂ ಕೊಚ್ಚುತ್ತೆ, ಕೊನೆಗೆ ಬದು ಕುಸಿಯುತ್ತೆ.

ಸಮುದ್ರದ ತಳದಲ್ಲೂ ಹೀಗೆಯೇ. ಹುಳು, ಸೀಗಡಿ, ಏಡಿ ಕೊರೆದ ಬಿಲಗಳಿಂದ ಆಮ್ಲಜನಕ ಇರುವ ನೀರು ಕೆಸರಿನ ಆಳಕ್ಕೆ ಇಳಿಯುತ್ತೆ. ಕೆಲವು ಜೀವಿಗಳು ಬಿಲದ ಗೋಡೆಗೆ ಲೋಳೆ ಬಳಿದು ಗಟ್ಟಿ ಮಾಡುತ್ತವೆ, ಕೆಲವು ಕೆಸರನ್ನು ಸಡಿಲ ಮಾಡುತ್ತವೆ. ಅಂದರೆ ಬಿಲ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಅದು ಎಲ್ಲಿದೆ ಅನ್ನೋದರ ಮೇಲೆ.

ಬದುವಿನಲ್ಲಿ ಮುಚ್ಚಿ

- ನೀರು ಇಳಿಸಿ, ಗದ್ದೆ ಒಳಬದಿಯ ಬಿಲದ ಬಾಯಿ ಹುಡುಕಿ. ಹೊರಬಾಯಿ ಮಾತ್ರ ಮುಚ್ಚಿದರೆ ಪ್ರಯೋಜನ ಇಲ್ಲ.
- ಬರಿಗೈ ಹಾಕಬೇಡಿ, ಹಾವು ಇರಬಹುದು. ಸಲಿಕೆಯಿಂದ ಅಗೆಯಿರಿ.
- ಹಸಿ ಎರೆ ಮಣ್ಣನ್ನು ಸ್ವಲ್ಪ ಸ್ವಲ್ಪ ತುಂಬಿ ತುಳಿಯಿರಿ. ಮರಳು, ಹುಲ್ಲು ಬೇಡ.
- ಒಳಬದಿಗೆ ಕೆಸರು ಮೆತ್ತಿ.

ಬಿಲಕ್ಕೆ ವಿಷ ಸುರಿಯಬೇಡಿ. ಅದು ಕಾಲುವೆಗೆ ಸೇರಿ ಮೀನಿಗೂ ದನಕ್ಕೂ ಕುತ್ತು.

ಹೊಲದಲ್ಲಿ ಉಳಿಸಿ

ಹೊಸಪೇಟೆ, ಹಂಪಿಯ ಬಾಳೆ ತೋಟದಲ್ಲಿ ಎರೆಹುಳು ಬಿಲ ಬೇರಿಗೆ ಗಾಳಿ, ನೀರು ಕೊಡೋ ದಾರಿ. ಸಂಡೂರಿನ ಕೆಂಪು ಮಣ್ಣಿನಲ್ಲಿ ಮಳೆ ಹೊಡೆತಕ್ಕೆ ಮೇಲೆ ಹೆಪ್ಪುಗಟ್ಟುತ್ತೆ, ಅಲ್ಲಿ ಈ ಬಿಲಗಳ ಬೆಲೆ ಇನ್ನೂ ಹೆಚ್ಚು. ಎರೆಹುಳು ಮಣ್ಣನ್ನು ಬದಲಿಸೋ ರೀತಿ ಕುರಿತೇ ಡಾರ್ವಿನ್ 1881ರಲ್ಲಿ ಒಂದು ಪುಸ್ತಕ ಬರೆದ. ಬಾಳೆ ಎಲೆ, ರವದಿ ಸುಡದೆ ಹೊದಿಸಿ. ಹುಳು ತಾನೇ ಬರುತ್ತೆ.

ಮೊಬೈಲ್‌ನಲ್ಲಿ ಪರೀಕ್ಷೆ

6 ಇಂಚಿನ ಪಿವಿಸಿ ಪೈಪ್ ತುಂಡನ್ನು 2 ಇಂಚು ನೆಲಕ್ಕೆ ಇಳಿಸಿ. 1 ಲೀಟರ್ ನೀರು ಹಾಕಿ, ಇಂಗಿದ ಮೇಲೆ ಇನ್ನೊಂದು ಲೀಟರ್ ಹಾಕಿ ಸ್ಟಾಪ್‌ವಾಚ್ ಒತ್ತಿ. ಹೊದಿಕೆ ಕೆಳಗೆ ಒಮ್ಮೆ, ಟ್ರ್ಯಾಕ್ಟರ್ ಗಾಲಿ ಓಡಾಡಿದ ಜಾಗದಲ್ಲಿ ಒಮ್ಮೆ ಮಾಡಿ. ಎರಡೂ ಸಮಯ ಬರೆದಿಡಿ, ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ನೋಡಿ. ನಿಮ್ಮ ಮಣ್ಣು ಸುಧಾರಿಸ್ತಿದೆಯೋ ಇಲ್ಲವೋ ಆ ಅಂಕಿಯೇ ಹೇಳುತ್ತೆ.