ಕದ್ದು ತಿಂದಿರಬೇಕು, ಬಿಡಿ!

ಬೆಂಗಳೂರಿನ ಹೊರಮಾವು ಅಗರ ಕೆರೆಯ ಬಳಿ ಬೆಳಗಿನ ವಾಕಿಂಗ್ ಮಂದಿಯ ಹತ್ತಿರ ಒಂದು ತೀರ್ಪು ಸದಾ ಸಿದ್ಧ: ‘ಇಬ್ಬರಿಗೂ ತೂಕ ಇಳಿಸುವ ಒಂದೇ ಆಪರೇಷನ್. ಅವಳು ನಲವತ್ತು ಕೆಜಿ ಇಳಿದಳು, ಇವಳು ಇಪ್ಪತ್ತಕ್ಕೇ ನಿಂತಳು. ಕದ್ದು ತಿಂದಿರಬೇಕು, ಬಿಡಿ.’ ಮೇಲ್ಮನವಿಗೂ ಅವಕಾಶವಿಲ್ಲ.

ಸ್ವಾಮಿ, ‘ಒಂದೇ ಆಪರೇಷನ್’ ಅಂತ ಯಾರು ಹೇಳಿದರು? ಜಠರದ ಮುಕ್ಕಾಲು ಪಾಲು ತೆಗೆಯುವ ಸ್ಲೀವ್ ಬೇರೆ, ಕರುಳಿನ ದಾರಿಯನ್ನೇ ತಿರುಗಿಸುವ ಬೈಪಾಸ್ ಬೇರೆ, ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಬೇರೆ. 1987ರಲ್ಲಿ ಶುರುವಾದ ಸ್ವೀಡನ್ನಿನ ಅಧ್ಯಯನದಲ್ಲಿ ಹತ್ತು ವರ್ಷದ ಬಳಿಕ ಬೈಪಾಸಿನವರ ತೂಕ ಸರಾಸರಿ ಶೇ 25ರಷ್ಟು ಇಳಿದಿತ್ತು. ಬ್ಯಾಂಡಿನವರದು ಶೇ 14.

ಸರಿ, ಇಬ್ಬರದೂ ಬೈಪಾಸೇ ಅಂದುಕೊಳ್ಳೋಣ. 2011ರಲ್ಲಿ ಅಮೆರಿಕದ ಸಂಶೋಧಕರು ಬೈಪಾಸ್ ಆದವರಲ್ಲಿ ಹತ್ತಿರದ ರಕ್ತಸಂಬಂಧಿಗಳ ಜೋಡಿಗಳನ್ನು ಹುಡುಕಿದರು. ಸಿಕ್ಕಿದ್ದು ಹದಿಮೂರೇ ಜೋಡಿ, ಆದರೂ ಫಲಿತಾಂಶ ಗಮನಿಸಿ. ಹೆಚ್ಚುವರಿ ತೂಕದ ಇಳಿಕೆಯಲ್ಲಿ ಅವರ ನಡುವಿನ ಅಂತರ ಶೇ 9. ರಕ್ತಸಂಬಂಧವಿಲ್ಲದೆ ಒಂದೇ ಮನೆಯಲ್ಲಿದ್ದವರ ನಡುವೆ ಶೇ 26! ಒಂದೇ ಅಡುಗೆಮನೆ ಮಾಡಲಾಗದ್ದನ್ನು ವಂಶವಾಹಿ ಮಾಡಿತ್ತು.

ಹೊಟ್ಟೆ ಚಿಕ್ಕದಾಗುವುದು ಅರ್ಧ ಕತೆ ಮಾತ್ರ. ಸ್ಲೀವ್‌ನಲ್ಲಿ ಹಸಿವೆಬ್ಬಿಸುವ ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೇ ಹೋಗುತ್ತದೆ. ಬೈಪಾಸ್‌ನಲ್ಲಿ ‘ಸಾಕು’ ಎನ್ನುವ ಕರುಳಿನ ಹಾರ್ಮೋನುಗಳು ಏರುತ್ತವೆ. ಎಷ್ಟು ಏರುತ್ತವೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಮಧುಮೇಹಿಗಳಿಗೆ, ವಯಸ್ಸಾದವರಿಗೆ ಸಾಮಾನ್ಯವಾಗಿ ಇಳಿಕೆ ಕಡಿಮೆ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮನೋರೋಗದ ಔಷಧಗಳು ತೂಕವನ್ನು ಮೇಲಕ್ಕೇ ಎಳೆಯುತ್ತವೆ. ಊಟದ ಪಾತ್ರ ಇಲ್ಲವೆಂದಲ್ಲ; ಬಾದಾಮಿ ಹಾಲು, ಜ್ಯೂಸು ಎಷ್ಟು ಚಿಕ್ಕ ಹೊಟ್ಟೆಯಲ್ಲೂ ಸರಾಗ ಇಳಿಯುತ್ತವೆ. ಆದರೆ ಅದೊಂದೇ ಕಾರಣವೆಂದು ಷರಾ ಬರೆಯಲು ನೀವು ಯಾರು?

ಈ ತೀರ್ಪುಗಾರರಿಗೆ ಲೆಕ್ಕವೂ ಬರುವುದಿಲ್ಲ. 150 ಕೆಜಿಯವರು 45 ಇಳಿದರೆ, 100 ಕೆಜಿಯವರು 30 ಇಳಿದರೆ ಇಬ್ಬರದೂ ಶೇ 30. ಕೆರೆ ದಂಡೆಯಲ್ಲಿ ಎರಡನೆಯವರು ಫೇಲು.

ಇನ್ನು ‘ತೂಕ ಮರಳಿತು, ಹೊಲಿಗೆ ಬಿಟ್ಟಿದೆ’ ಎನ್ನುವವರಿಗೆ: ಒಂದೆರಡು ವರ್ಷದ ನಂತರ ಸ್ವಲ್ಪ ಮರಳುವುದು ಮಾಮೂಲು. 2022ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಹೆಸರು ಎತ್ತಿ ಹೆದರಿಸುವವರಿಗೆ: ಅವರು ಮಾಡಿಸಿಕೊಂಡದ್ದು ಕೊಬ್ಬು ತೆಗೆಯುವ ಚಿಕಿತ್ಸೆ, ಈ ಹೊಟ್ಟೆಯ ಆಪರೇಷನ್ ಅಲ್ಲ.

ಇಷ್ಟು ಹೇಳಿದರೆ ‘ಪುರಾವೆ ಏನು?’ ಅಂತ ಕೇಳುತ್ತಾರೆ. ಕೇಳಲಿ. ಇದೇ ಜನ, ಜೀರಿಗೆ ನೀರಿಗೆ ಹೊಟ್ಟೆ ಕರಗುತ್ತದೆ ಎಂಬ ವಾಟ್ಸಾಪ್ ವಿಡಿಯೊವನ್ನು ಮರುಮಾತಿಲ್ಲದೆ ಹತ್ತು ಗ್ರೂಪಿಗೆ ಕಳಿಸುತ್ತಾರೆ. ಕುಡಿದೂ ಕರಗದಿದ್ದರೆ ಯಾರೂ ಕದ್ದು ತಿಂದಿರುವುದಿಲ್ಲ. ಜೀರಿಗೆ ಕಲಬೆರಕೆ.