ಕಡಲಿಲ್ಲದ ನಾಡಿನ ಪುಟ್ಟ ದೋಣಿ

ಸಿಂಧನೂರು, ಲಿಂಗಸುಗೂರು, ಮಸ್ಕಿ. ಈ ಊರುಗಳಿಗೆ ಕಡಲು ಬಲು ದೂರ. ಆದರೆ ನದಿಗಳು ಎರಡಿವೆ: ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇಲ್ಲಿನವರ ಹಡಗು ಎಂದರೆ ಹರಿಗೋಲು!

ಸಿಂಧನೂರಿನಿಂದ ಕಾರಟಗಿ, ಗಂಗಾವತಿ ದಾಟಿದರೆ ಆನೆಗೊಂದಿ. ತುಂಗಭದ್ರೆಯ ಎದುರು ದಡದಲ್ಲೇ ಹಂಪಿ. ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಇಲ್ಲಿ ಹೊಳೆ ದಾಟುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಬಿದಿರಿನ ಹೆಣಿಗೆ ಇಂದಿಗೂ ಅದೇ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ.

ಹರಿಗೋಲಿನ ತಳ ಚಪ್ಪಟೆ. ಹಾಗಾಗಿ ಬಂಡೆಗಳ ನಡುವಿನ ಆಳವಿಲ್ಲದ ನೀರಲ್ಲೂ ಅದು ಸರಾಗವಾಗಿ ಜಾರುತ್ತದೆ. ಒಂದೇ ಹುಟ್ಟು, ಎಂಜಿನ್ನಿನ ಗದ್ದಲವಿಲ್ಲ.

ನೀರುನಾಯಿ ನೋಡಬಯಸುವವರಿಗೆ ಆ ಮೌನವೇ ದೊಡ್ಡ ಲಾಭ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ತುಂಗಭದ್ರಾ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೇಶದಲ್ಲೇ ಇಂಥದ್ದು ಮೊದಲು. ನುಣುಪು ಮೈಯ ನೀರುನಾಯಿಗಳು ಗುಂಪಾಗಿ ಮೀನು ಬೇಟೆಯಾಡುತ್ತವೆ, ದಡದ ಬಿಲಗಳಲ್ಲಿ ಮರಿ ಸಾಕುತ್ತವೆ. ಮೊಸಳೆ, ಆಮೆಗಳೂ ಈ ನೀರಿನ ಒಕ್ಕಲು. ನೀರುನಾಯಿ ಕಂಡೇ ಕಾಣುತ್ತದೆ ಎನ್ನಲಾಗದು. ಬೆಳಗಿನ ಹೊತ್ತು ಸದ್ದಿಲ್ಲದೆ ಕೂತವರಿಗೆ ಅವಕಾಶ ಹೆಚ್ಚು.

ಲಿಂಗಸುಗೂರು ತಾಲ್ಲೂಕಿನ ಜಲದುರ್ಗದಲ್ಲಿ ಕೃಷ್ಣೆಯೇ ಕೋಟೆಯ ಕಂದಕ. ಅಲ್ಲಿ ಸೊಬಗಿನಷ್ಟೇ ಎಚ್ಚರವೂ ಬೇಕು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ, ನಡುಗಡ್ಡೆಯ ಹಳ್ಳಿಗಳ ದಾರಿಯೇ ಕಡಿದುಹೋಗುತ್ತದೆ.

ಹೊಳೆಗೆ ಹೊರಡುವ ಮುನ್ನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಲೈಫ್ ಜಾಕೆಟ್ ಇಲ್ಲದೆ ಹರಿಗೋಲು ಹತ್ತಬೇಡಿ. ತಂದ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಿರಿ.